ಹಸಿರುಮನೆ ಹೂಬೆಳೆಗಳಲ್ಲಿ ಎಲೆಗಳ ಬೆಳವಣಿಗೆಯ ಮೇಲೆ ಕೃತಕ ಬೆಳಕಿನ ಪರಿಣಾಮ: ಸೇವಂತಿಗೆ ಬೆಳೆಗಾರರು ಹಾಗೂ ನಗರದ ಕೈತೋಟಗಾರರಿಗೆ ಮಾಹಿತಿ

1. ಪೀಠಿಕೆ

ಹಸಿರುಮನೆಗಳಲ್ಲಿ ಹೂಬೆಳೆಗಳನ್ನು ಬೆಳೆಯುವಾಗ ರಾತ್ರಿ ವೇಳೆಯಲ್ಲಿ ವಿದ್ಯುತ್ ದೀಪಗಳನ್ನು ಉರಿಸುವ ಪದ್ಧತಿಯು ಬೆಂಗಳೂರಿನ ಸುತ್ತಲಿನ ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರ, ಕೋಲಾರ ಹಾಗೂ ಆನೇಕಲ್ ಭಾಗಗಳಲ್ಲಿ ರೂಢಿಗೆ ಬಂದಿದೆ. ಚಿಕ್ಕಬಳ್ಳಾಪುರದ ಕಡೆ ಬಯಲಿನಲ್ಲಿ ಬೆಳೆಯುವ ಸೇವಂತಿಗೆ ತಾಕುಗಳಲ್ಲಿಯೂ ಸಾಲು ದೀಪಗಳನ್ನು ಕಾಣಬಹುದಾಗಿದೆ. ಈ ತಾಕುಗಳ ಹೂವು ಕೃಷ್ಣರಾಜೇಂದ್ರ ಮಾರುಕಟ್ಟೆಯ ಮೂಲಕ ಚಾಮರಾಜಪೇಟೆ, ಬಸವನಗುಡಿಯ ಗಾಂಧಿ ಬಜಾರ್ ಹಾಗೂ ಮಲ್ಲೇಶ್ವರದ ಹೂವಿನ ಅಂಗಡಿಗಳನ್ನು ತಲುಪುತ್ತದೆ.

ಸದರಿ ದೀಪಗಳು ಸೂರ್ಯನ ಬೆಳಕಿನಂತೆ ಗಿಡಕ್ಕೆ ಆಹಾರವನ್ನು ಒದಗಿಸುತ್ತವೆ ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಈ ತಿಳಿವಳಿಕೆಯಿಂದ ಅವಶ್ಯಕತೆಗಿಂತ ಹೆಚ್ಚಿನ ಬೆಲೆಯ ದೀಪಗಳನ್ನು ಖರೀದಿಸುವುದು, ಹೊತ್ತಲ್ಲದ ಹೊತ್ತಿನಲ್ಲಿ ಉರಿಸುವುದು ಹಾಗೂ ಬೇಡದ ಬೆಳೆಗೂ ದೀಪ ಹಾಕುವುದು ನಡೆದು, ಬೆಳೆಗಾರರಿಗೆ ಅನಾವಶ್ಯಕ ವೆಚ್ಚ ಉಂಟಾಗುತ್ತದೆ. ವಾಸ್ತವವಾಗಿ ಬೆಂಗಳೂರಿನ ಹವಾಗುಣದಲ್ಲಿ ರಾತ್ರಿಯ ದೀಪವು ಗಿಡಕ್ಕೆ ಆಹಾರವಲ್ಲ. ಅದು ಹೊತ್ತನ್ನು ತಿಳಿಸುವ ಸೂಚನೆ ಮಾತ್ರ. ಹಸಿರುಮನೆ ನಿರ್ಮಾಣಕ್ಕೆ ಸಹಾಯಧನ ಕೋರಿ ಅರ್ಜಿ ಸಲ್ಲಿಸುವವರು, ಈಗಾಗಲೇ ಹಸಿರುಮನೆ ಹೊಂದಿರುವವರು ಹಾಗೂ ಮನೆಯಂಗಳದಲ್ಲಿ ಹೂಗಿಡ ಬೆಳೆಸುವ ನಾಗರಿಕರ ಅನುಕೂಲಕ್ಕಾಗಿ ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

2. ಹಿನ್ನೆಲೆ

ಬಸವನಗುಡಿಗೆ ಹೊಂದಿಕೊಂಡಿರುವ ಲಾಲ್‌ಬಾಗ್ ಸಸ್ಯೋದ್ಯಾನವು 1760ರಲ್ಲಿ ಹೈದರಾಲಿಯ ಕಾಲದಲ್ಲಿ ಆರಂಭವಾಯಿತು. ಅಲ್ಲಿನ ಗಾಜಿನ ಮನೆಗೆ 1889ರ ನವೆಂಬರ್ 30ರಂದು ಅಡಿಗಲ್ಲನ್ನು ಇಡಲಾಯಿತು. ಗಾಜಿನ ಮನೆಯು ಮುಖ್ಯವಾಗಿ ಫಲಪುಷ್ಪ ಪ್ರದರ್ಶನಗಳ ತಾಣವಾಗಿದ್ದು, ಗಣರಾಜ್ಯೋತ್ಸವ ಹಾಗೂ ಸ್ವಾತಂತ್ರ್ಯ ದಿನಾಚರಣೆಯ ಸಂದರ್ಭಗಳಲ್ಲಿ ಇಲ್ಲಿ ಪ್ರದರ್ಶನಗಳು ನಡೆಯುತ್ತವೆ. ವರ್ಷದಲ್ಲಿ ಎರಡು ಬಾರಿ, ಗೊತ್ತುಪಡಿಸಿದ ದಿನಕ್ಕೆ ಸರಿಯಾಗಿ ಹೂವು ಅರಳಬೇಕಾದರೆ ಗಿಡದ ಎಲೆ ಬೆಳೆಯುವ ಅವಧಿ ಮತ್ತು ಹೂವಾಗುವ ಅವಧಿಯನ್ನು ಲೆಕ್ಕ ಹಾಕಲೇಬೇಕಾಗುತ್ತದೆ.

ಶಿವನಸಮುದ್ರದ ಜಲವಿದ್ಯುತ್ತಿನಿಂದ 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದವು. ಹಗಲಿನ ಉದ್ದಕ್ಕೂ ಹೂವಾಗುವಿಕೆಗೂ ಇರುವ ಸಂಬಂಧವು ಆಗ ಸ್ಪಷ್ಟವಾಗಿರಲಿಲ್ಲ. 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ವಿಜ್ಞಾನಿಗಳು ತಂಬಾಕು ಹಾಗೂ ಸೋಯಾ ಅವರೆ ಗಿಡಗಳ ಪ್ರಯೋಗಗಳ ಆಧಾರದ ಮೇಲೆ ಈ ಸಂಬಂಧವನ್ನು ಪ್ರಕಟಿಸಿದರು. 1952ರಲ್ಲಿ ಅದೇ ದೇಶದ ಬೆಲ್ಟ್ಸ್‌ವಿಲ್‌ನ ಸಂಶೋಧಕರು, ಗಿಡದ ಈ ಪ್ರತಿಕ್ರಿಯೆಯನ್ನು ಕೆಂಪು ಬೆಳಕು ಒಂದು ದಿಕ್ಕಿಗೂ ದೂರ ಕೆಂಪು ಬೆಳಕು ಅದರ ವಿರುದ್ಧ ದಿಕ್ಕಿಗೂ ತಿರುಗಿಸುತ್ತವೆ ಎಂದು ತೋರಿಸಿದರು. ಇದಕ್ಕೆ ಕಾರಣವಾದ ಎಲೆಯೊಳಗಿನ ವರ್ಣದ್ರವ್ಯವನ್ನು ಫೈಟೋಕ್ರೋಮ್ ಎಂದು ಕರೆಯಲಾಗಿದೆ. ಇಂದು ಹಸಿರುಮನೆಗಳಲ್ಲಿ ಅನುಸರಿಸುವ ರಾತ್ರಿ ದೀಪದ ಪದ್ಧತಿಯು ಈ ತಿಳಿವಳಿಕೆಯನ್ನು ಆಧರಿಸಿದೆ.

3. ಗಿಡಕ್ಕೆ ಬೆಳಕಿನಿಂದ ಆಗುವ ಎರಡು ಉಪಯೋಗಗಳು

ಅ) ಆಹಾರ ತಯಾರಿಕೆ: ಎಲೆಗಳು ಬೆಳಕಿನ ಶಕ್ತಿಯನ್ನು ಬಳಸಿ ದ್ಯುತಿಸಂಶ್ಲೇಷಣೆಯ ಮೂಲಕ ಆಹಾರವನ್ನು ತಯಾರಿಸುತ್ತವೆ. ಇದಕ್ಕೆ ಹೆಚ್ಚಿನ ಪ್ರಮಾಣದ ಬೆಳಕು ಬೇಕು. ನಿರ್ಮಲ ಆಕಾಶವಿರುವ ದಿನ ಮಧ್ಯಾಹ್ನ ಬಯಲಿನಲ್ಲಿ ಬೆಳಕಿನ ಪ್ರಮಾಣ ಸುಮಾರು 1,00,000 ಲಕ್ಸ್ ಇರುತ್ತದೆ.

ಆ) ಹೊತ್ತಿನ ಸೂಚನೆ: ಕತ್ತಲೆ ಎಷ್ಟು ಗಂಟೆಗಳ ಕಾಲ ಸತತವಾಗಿ ಇದೆ ಎಂಬುದನ್ನು ಎಲೆಗಳು ಫೈಟೋಕ್ರೋಮ್ ಮೂಲಕ ಗ್ರಹಿಸುತ್ತವೆ. ಅದಕ್ಕೆ ಅನುಗುಣವಾಗಿ ಚಿಗುರು ತುದಿಯು ಎಲೆಯನ್ನು ಬಿಡಬೇಕೇ ಅಥವಾ ಮೊಗ್ಗನ್ನು ಕಟ್ಟಬೇಕೇ ಎಂಬುದು ನಿರ್ಧಾರವಾಗುತ್ತದೆ. ಇದಕ್ಕೆ ಬೇಕಾಗುವ ಬೆಳಕು ಅತ್ಯಲ್ಪ. ಸೇವಂತಿಗೆಗೆ ಗಿಡದ ತುದಿಯ ಮಟ್ಟದಲ್ಲಿ ಸುಮಾರು 100 ಲಕ್ಸ್ ಸಾಕಾಗುತ್ತದೆ.

ಎರಡನೆಯ ಪ್ರಮಾಣವು ಮೊದಲನೆಯದರ ಸಾವಿರದ ಒಂದು ಭಾಗ ಮಾತ್ರ ಎಂಬುದನ್ನು ಗಮನಿಸತಕ್ಕದ್ದು. ಆದುದರಿಂದ ರಾತ್ರಿ ನಾಲ್ಕು ಗಂಟೆಗಳ ಕಾಲ ಇಂತಹ ದೀಪ ಉರಿಸುವುದರಿಂದ ಗಿಡದ ಆಹಾರ ತಯಾರಿಕೆಯಲ್ಲಿ ಗಣನೀಯ ಹೆಚ್ಚಳವಾಗುವುದಿಲ್ಲ. ಎಲೆಗಳು ಹೆಚ್ಚಾಗುವುದು ಮೊಗ್ಗು ಕಟ್ಟುವುದನ್ನು ಮುಂದೂಡಿದ ಕಾರಣದಿಂದ.

4. ಬೆಂಗಳೂರಿನ ಹಗಲಿನ ಅವಧಿ ಮತ್ತು ಸೇವಂತಿಗೆ

ಸೇವಂತಿಗೆಯು ಹ್ರಸ್ವ ದಿನ ಸಸ್ಯ. ಅಂದರೆ ಹಗಲು ಒಂದು ಮಿತಿಗಿಂತ ಕಡಿಮೆಯಾಗಿ, ರಾತ್ರಿ ಉದ್ದವಾದಾಗ ಮಾತ್ರ ಹೂವಾಗುತ್ತದೆ. ತಳಿಯನ್ನು ಅವಲಂಬಿಸಿ ಈ ಮಿತಿಯು ಬದಲಾಗುತ್ತದೆಯಾದರೂ, ಸಾಮಾನ್ಯವಾಗಿ ಹಗಲು ಹದಿಮೂರೂವರೆ ಗಂಟೆಗಿಂತ ಕಡಿಮೆ ಇದ್ದಾಗ ಮೊಗ್ಗುಗಳು ಬೆಳೆಯುತ್ತವೆ.

ಬೆಂಗಳೂರು ಉತ್ತರ ಅಕ್ಷಾಂಶ ಸುಮಾರು 13 ಡಿಗ್ರಿಯಲ್ಲಿದೆ. ಇಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲು ಸುಮಾರು 12 ಗಂಟೆ 50 ನಿಮಿಷ, ಡಿಸೆಂಬರ್ ತಿಂಗಳ ಅತಿ ಚಿಕ್ಕ ಹಗಲು ಸುಮಾರು 11 ಗಂಟೆ 20 ನಿಮಿಷ. ಎರಡರ ನಡುವಿನ ವ್ಯತ್ಯಾಸ ಒಂದೂವರೆ ಗಂಟೆ ಮಾತ್ರ. ಹೋಲಿಕೆಗೆ, ಹೂ ಕೃಷಿಗೆ ಹೆಸರಾದ ನೆದರ್ಲೆಂಡ್ಸ್ ದೇಶದಲ್ಲಿ ಚಳಿಗಾಲದ ಹಗಲು ಎಂಟು ಗಂಟೆಗೂ ಕಡಿಮೆ, ಬೇಸಿಗೆಯ ಹಗಲು ಹದಿನಾರು ಗಂಟೆಗೂ ಹೆಚ್ಚು. ಅಲ್ಲಿ ಚಳಿಗಾಲದಲ್ಲಿ ಸೂರ್ಯನ ಬೆಳಕೇ ಸಾಲದಿರುವುದರಿಂದ ಆಹಾರ ತಯಾರಿಕೆಗಾಗಿಯೂ ಪ್ರಬಲ ದೀಪಗಳನ್ನು ಉರಿಸಲಾಗುತ್ತದೆ. ಬೆಂಗಳೂರಿನ ಬೆಳೆಗಾರನಿಗೆ ಆ ಅವಶ್ಯಕತೆ ಇಲ್ಲ.

ಮೇಲ್ಕಂಡ ಅಂಕಿಗಳಿಂದ ತಿಳಿದುಬರುವಂತೆ, ಸೇವಂತಿಗೆಯ ದೃಷ್ಟಿಯಿಂದ ಬೆಂಗಳೂರಿನ ಬಹುತೇಕ ಎಲ್ಲಾ ದಿನಗಳೂ ಹ್ರಸ್ವ ದಿನಗಳೇ ಆಗಿರುತ್ತವೆ. ಇದರಿಂದ ನಾಟಿ ಮಾಡಿದ ಎಳೆಯ ಗಿಡವು ಸಾಕಷ್ಟು ಎಲೆ ಬಿಡುವ ಮೊದಲೇ ಮೊಗ್ಗು ಕಟ್ಟಲು ಆರಂಭಿಸುತ್ತದೆ. ವಿಶೇಷವಾಗಿ ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗೆ ನಾಟಿ ಮಾಡಿದ ಗಿಡಗಳಲ್ಲಿ ಈ ತೊಂದರೆ ಹೆಚ್ಚು. ಅಂತಹ ಗಿಡದ ಕಾಂಡ ಗಿಡ್ಡವಾಗಿ, ಎಲೆಗಳು ಕೆಲವೇ ಇದ್ದು, ಹೂವು ಸಣ್ಣದಾಗಿರುತ್ತದೆ. ಕತ್ತರಿಸಿದ ಹೂವಿನ ವ್ಯಾಪಾರದಲ್ಲಿ ಉದ್ದನೆಯ ಕಾಂಡ ಹಾಗೂ ಅದರ ಮೇಲೆ ಹಸಿರಾಗಿ ಉಳಿದ ಎಲೆಗಳನ್ನು ನೋಡಿ ದರ್ಜೆ ನೀಡುವುದರಿಂದ, ಗಿಡ್ಡ ಕಾಂಡದ ಹೂವಿಗೆ ಬೆಲೆ ದೊರೆಯುವುದಿಲ್ಲ. ಬಿಡಿ ಹೂವಿಗಾಗಿ ಬೆಳೆಯುವಲ್ಲಿಯೂ ಎಲೆ ಹಾಗೂ ಕವಲುಗಳು ಕಡಿಮೆಯಾದಷ್ಟು ಹೂವಿನ ಇಳುವರಿ ಕಡಿಮೆಯಾಗುತ್ತದೆ.

5. ರಾತ್ರಿಯ ದೀಪದಿಂದ ಎಲೆಗಳಲ್ಲಿ ಆಗುವ ಬದಲಾವಣೆಗಳು

5.1 ಎಲೆಗಳ ಸಂಖ್ಯೆ: ಚಿಗುರು ತುದಿಯು ಒಮ್ಮೆ ಮೊಗ್ಗಾಗಿ ಮಾರ್ಪಟ್ಟರೆ ಆ ಕಾಂಡದಲ್ಲಿ ಹೊಸ ಎಲೆಗಳು ಹುಟ್ಟುವುದಿಲ್ಲ. ಆದುದರಿಂದ ಒಂದು ಕಾಂಡದ ಎಲೆಗಳ ಸಂಖ್ಯೆಯು ಮೊಗ್ಗು ಆರಂಭವಾದ ದಿನವೇ ನಿಗದಿಯಾಗುತ್ತದೆ. ನಂತರ ಎಷ್ಟೇ ಗೊಬ್ಬರ ನೀಡಿದರೂ ಇರುವ ಎಲೆಗಳು ಅಗಲವಾಗಬಹುದೇ ಹೊರತು ಎಲೆಗಳ ಸಂಖ್ಯೆ ಹೆಚ್ಚಾಗದು. ನಾಟಿಯಾದ ಮೊದಲ ವಾರಗಳಲ್ಲಿ ದೀಪ ಉರಿಸುವುದರ ಮುಖ್ಯ ಉದ್ದೇಶ ಇದೇ ಆಗಿದೆ.

5.2 ಎಲೆಗಳ ಗಾತ್ರ ಮತ್ತು ದಪ್ಪ: ಇದು ಬೆಳಕಿನ ಬಣ್ಣವನ್ನು ಅವಲಂಬಿಸಿದೆ. ನೀಲಿ ಬೆಳಕು ಸಾಕಷ್ಟಿದ್ದಾಗ ಗೆಣ್ಣುಗಳ ಅಂತರ ಕಡಿಮೆಯಾಗಿ ಎಲೆಗಳು ದಪ್ಪವಾಗಿರುತ್ತವೆ. ಕೆಂಪು ಬೆಳಕು ಮೊಗ್ಗನ್ನು ತಡೆಯುವಲ್ಲಿ ಪರಿಣಾಮಕಾರಿ. ದೂರ ಕೆಂಪು ಬೆಳಕು ಹೆಚ್ಚಾದರೆ ಗಿಡವು ತಾನು ನೆರಳಿನಲ್ಲಿರುವಂತೆ ವರ್ತಿಸಿ, ಕಾಂಡ ಹಾಗೂ ಎಲೆಯ ತೊಟ್ಟುಗಳು ನೀಳವಾಗಿ ಎಲೆಗಳು ತೆಳುವಾಗುತ್ತವೆ.

5.3 ಎಲೆಗಳ ಬಣ್ಣ: ಕೆಳಭಾಗದ ಎಲೆಗಳು ಹಳದಿಯಾಗುವುದನ್ನು ರಾತ್ರಿಯ ದೀಪದಿಂದ ಸರಿಪಡಿಸಲಾಗದು. ಗಿಡಗಳ ದಟ್ಟಣೆ, ಸಾರಜನಕದ ಕೊರತೆ, ಬೇರಿನಲ್ಲಿ ನೀರು ನಿಲ್ಲುವುದು ಹಾಗೂ ಹೊದಿಕೆಯ ಮೇಲಿನ ಧೂಳು ಇದಕ್ಕೆ ಸಾಮಾನ್ಯ ಕಾರಣಗಳು. ಹೊಸ ಪಾಲಿಥೀನ್ ಹಾಳೆಯು ಹೆಚ್ಚಿನ ಭಾಗದ ಬೆಳಕನ್ನು ಒಳಬಿಡುತ್ತದೆ. ಧೂಳು ಹಾಗೂ ಪಾಚಿ ಹಿಡಿದ ಹಾಳೆಯು ಅದನ್ನು ಗಣನೀಯವಾಗಿ ತಡೆಯುತ್ತದೆ. ಇಂತಹ ಸಂದರ್ಭದಲ್ಲಿ ದೀಪ ಖರೀದಿಸುವ ಮೊದಲು ಹಾಳೆಯನ್ನು ತೊಳೆಯುವುದು ಸೂಕ್ತ.

5.4 ಮಿತಿ ಮೀರಿದ ದೀಪ: ಅವಶ್ಯಕತೆಗಿಂತ ಹೆಚ್ಚು ವಾರ ದೀಪ ಉರಿಸಿದಲ್ಲಿ ಕಾಂಡವು ಅತಿಯಾಗಿ ಬೆಳೆದು ಬಾಗುತ್ತದೆ, ದಟ್ಟವಾದ ಎಲೆಗಳ ನಡುವೆ ತೇವ ನಿಂತು ಎಲೆಚುಕ್ಕೆ ಹಾಗೂ ತುಕ್ಕು ರೋಗಗಳಿಗೆ ಅವಕಾಶವಾಗುತ್ತದೆ, ಕೊಯ್ಲು ತಡವಾಗುತ್ತದೆ.

6. ದೀಪಗಳ ವಿಧಗಳು

ತಂತಿ ಬಲ್ಬು: ಕೆಂಪು ಹಾಗೂ ದೂರ ಕೆಂಪು ಬೆಳಕು ಎರಡನ್ನೂ ನೀಡುತ್ತದೆ. ಮೊಗ್ಗು ತಡೆಯುವಲ್ಲಿ ಯಶಸ್ವಿಯಾದರೂ ಕಾಂಡ ಸಪೂರವಾಗಿ ನೀಳವಾಗುತ್ತದೆ. ವಿದ್ಯುತ್ ಬಳಕೆ ಅತಿ ಹೆಚ್ಚು.

ಸಿ.ಎಫ್.ಎಲ್. ದೀಪ: ವಿದ್ಯುತ್ ಬಳಕೆ ಕಡಿಮೆ. ಪದೇ ಪದೇ ಆರಿಸಿ ಹೊತ್ತಿಸಿದರೆ ಬಾಳಿಕೆ ಕುಗ್ಗುತ್ತದೆ. ಒಡೆದಲ್ಲಿ ಒಳಗಿನ ಪಾದರಸದಿಂದ ಅಪಾಯವಿದೆ.

ಎಲ್.ಇ.ಡಿ. ದೀಪ: ವಿದ್ಯುತ್ ಬಳಕೆ ಅತಿ ಕಡಿಮೆ, ಬಾಳಿಕೆ ಹೆಚ್ಚು. ಕೆಂಪು ಅಂಶವಿರುವ ಬಿಳಿ ದೀಪ ಅಥವಾ ಕೆಂಪು ದೀಪ ಸೂಕ್ತ. ಶುದ್ಧ ನೀಲಿ ದೀಪವನ್ನು ಈ ಉದ್ದೇಶಕ್ಕೆ ಆಯ್ಕೆ ಮಾಡಬಾರದು.

ಆಹಾರ ತಯಾರಿಕೆಗಾಗಿ ಮಾರಾಟವಾಗುವ ಪ್ರಬಲ ದೀಪಗಳು ಬೆಂಗಳೂರಿನ ಸೇವಂತಿಗೆ ಹಸಿರುಮನೆಗೆ ಅವಶ್ಯವಿರುವುದಿಲ್ಲ. ಮಾರಾಟಗಾರರಿಂದ ದರಪಟ್ಟಿ ಪಡೆಯುವಾಗ ದೀಪದ ಉದ್ದೇಶವು ರಾತ್ರಿಯನ್ನು ಮುರಿಯುವುದೇ ಅಥವಾ ಹಗಲಿನ ಬೆಳಕಿಗೆ ಪೂರಕವೇ ಎಂಬುದನ್ನು ಬರವಣಿಗೆಯಲ್ಲಿ ಪಡೆಯುವುದು ಒಳಿತು.

7. ದೀಪ ಉರಿಸುವ ಕ್ರಮ

ಅ) ಮೊದಲ ಹಂತ (ಎಲೆ ಬೆಳವಣಿಗೆ): ನಾಟಿಯಾದ ದಿನದಿಂದ ಆರಂಭಿಸಿ, ಸಾಮಾನ್ಯವಾಗಿ ನಾಲ್ಕರಿಂದ ಐದು ವಾರ, ಅಥವಾ ಗಿಡವು ತಳಿಗೆ ತಕ್ಕ ಎತ್ತರವನ್ನು ತಲುಪುವವರೆಗೆ ದೀಪ ಉರಿಸಬೇಕು. ಕತ್ತರಿಸಿದ ಹೂವಿನ ತಳಿಗಳಲ್ಲಿ 25 ರಿಂದ 35 ಸೆಂ.ಮೀ. ಎತ್ತರವನ್ನು ಮಾರ್ಗಸೂಚಿಯಾಗಿ ಪರಿಗಣಿಸಬಹುದು.

ಆ) ಸಮಯ: ರಾತ್ರಿ 10 ಗಂಟೆಯಿಂದ 2 ಗಂಟೆಯವರೆಗೆ. ಉದ್ದನೆಯ ಒಂದು ರಾತ್ರಿಯನ್ನು ಎರಡು ಚಿಕ್ಕ ರಾತ್ರಿಗಳಾಗಿ ಒಡೆಯುವುದು ಇದರ ಉದ್ದೇಶ. ಸಂಜೆ 6ರಿಂದ 10ರವರೆಗೆ ದೀಪ ಉರಿಸಿ ನಂತರ ಆರಿಸಿದಲ್ಲಿ ಅಷ್ಟೇ ವಿದ್ಯುತ್ ಖರ್ಚಾದರೂ ಎಂಟು ಗಂಟೆಗೂ ಮೀರಿದ ಸತತ ಕತ್ತಲೆ ಉಳಿಯುತ್ತದೆ. ಮೊದಲ ಹಂತದಲ್ಲಿ ಸತತ ಕತ್ತಲೆಯು ಏಳು ಗಂಟೆಯನ್ನು ಮೀರಬಾರದು.

ಇ) ಅಳವಡಿಕೆ: ದೀಪಗಳನ್ನು ಗಿಡದ ತುದಿಯಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿ, ಮೂರು ಮೀಟರ್ ಮೀರದ ಅಂತರದಲ್ಲಿ ತೂಗುಹಾಕಬಹುದು. ಮಡಿಯ ಅಂಚುಗಳಲ್ಲಿಯೂ ಮೂಲೆಗಳಲ್ಲಿಯೂ ಲಕ್ಸ್ ಮಾಪಕದಿಂದ ಬೆಳಕನ್ನು ಅಳೆಯಬೇಕು. ಮೂಲೆಗೆ ಬೆಳಕು ತಲುಪದಿದ್ದಲ್ಲಿ ಅಲ್ಲಿನ ಗಿಡಗಳು ಬೇಗ ಹೂವಾಗಿ, ಒಂದೇ ಮಡಿಯಲ್ಲಿ ಎರಡು ಬಗೆಯ ಬೆಳೆ ಕಂಡುಬರುತ್ತದೆ.

ಈ) ಬಿಟ್ಟು ಬಿಟ್ಟು ಉರಿಸುವ ಕ್ರಮ: ನಾಲ್ಕು ಗಂಟೆಯ ಅವಧಿಯಲ್ಲಿ ಪ್ರತಿ ಅರ್ಧ ಗಂಟೆಗೆ ಆರರಿಂದ ಹತ್ತು ನಿಮಿಷ ಮಾತ್ರ ದೀಪ ಉರಿಸಿಯೂ ಮೊಗ್ಗನ್ನು ತಡೆಯಬಹುದು. ಇದಕ್ಕೆ ಸ್ವಯಂಚಾಲಿತ ಟೈಮರ್ ಅವಶ್ಯ. ಮೊದಲ ಬಾರಿಗೆ ಚಿಕ್ಕ ತಾಕಿನಲ್ಲಿ ಪರೀಕ್ಷಿಸಿ ನಂತರ ವಿಸ್ತರಿಸುವುದು ಸೂಕ್ತ.

ಉ) ಎರಡನೆಯ ಹಂತ (ಹೂವಾಗುವಿಕೆ): ಗಿಡ ಬೇಕಾದ ಎತ್ತರಕ್ಕೆ ಬಂದ ನಂತರ ದೀಪವನ್ನು ಸಂಪೂರ್ಣವಾಗಿ ನಿಲ್ಲಿಸಬೇಕು. ಅಂದಿನಿಂದ ತಳಿಯನ್ನು ಅವಲಂಬಿಸಿ ಏಳರಿಂದ ಹತ್ತು ವಾರಗಳಲ್ಲಿ ಹೂವು ಕೊಯ್ಲಿಗೆ ಬರುತ್ತದೆ. ಮೇ ತಿಂಗಳಿನಿಂದ ಜುಲೈವರೆಗೆ ಮುಸ್ಸಂಜೆ ಹಾಗೂ ಮುಂಜಾವಿನ ಬೆಳಕು ಸೇರಿ ಹಗಲು ಮಿತಿಯನ್ನು ಸಮೀಪಿಸುವುದರಿಂದ, ಕೆಲವು ತಳಿಗಳಿಗೆ ಸಂಜೆ 6 ರಿಂದ ಬೆಳಿಗ್ಗೆ 7ರವರೆಗೆ ಕಪ್ಪು ಹೊದಿಕೆ ಬೇಕಾಗಬಹುದು. ಹೊದಿಕೆಯೊಳಗೆ ಶಾಖ ಹೆಚ್ಚಾದರೆ ಮೊಗ್ಗು ತಡವಾಗುವುದರಿಂದ ಗಾಳಿಯಾಡುವ ವ್ಯವಸ್ಥೆ ಇರತಕ್ಕದ್ದು.

ಈ ಲೆಕ್ಕವನ್ನು ಹಿಂದಕ್ಕೆ ಎಣಿಸಿದಲ್ಲಿ ಹಬ್ಬಕ್ಕೆ ಸರಿಯಾಗಿ ನಾಟಿಯ ದಿನವನ್ನು ಗೊತ್ತುಮಾಡಬಹುದು. ಉದಾಹರಣೆಗೆ, ಎಂಟು ವಾರದ ತಳಿಯನ್ನು ವರಮಹಾಲಕ್ಷ್ಮಿ ಹಬ್ಬಕ್ಕೆ ಕೊಯ್ಯಬೇಕಿದ್ದಲ್ಲಿ ದೀಪವನ್ನು ಹಬ್ಬಕ್ಕೆ ಎಂಟು ವಾರ ಮೊದಲು ಆರಿಸಬೇಕು. ನಾಟಿಯನ್ನು ಅದಕ್ಕೂ ನಾಲ್ಕೈದು ವಾರ ಮೊದಲು ಮಾಡಬೇಕು. ಒಟ್ಟು ಹನ್ನೆರಡರಿಂದ ಹದಿಮೂರು ವಾರ. ಹಬ್ಬ ಕಳೆದ ಮರುದಿನ ಮಾರುಕಟ್ಟೆಗೆ ಬರುವ ಹೂವಿಗೆ ಹಿಂದಿನ ದಿನದ ಬೆಲೆ ಇರುವುದಿಲ್ಲ ಎಂಬುದು ಬೆಳೆಗಾರರಿಗೆ ತಿಳಿದ ವಿಷಯವೇ ಆಗಿದೆ.

8. ವಿದ್ಯುತ್ ವೆಚ್ಚದ ಮಾದರಿ ಲೆಕ್ಕ

1,000 ಚದರ ಮೀಟರ್ ಹಸಿರುಮನೆಯಲ್ಲಿ ಪ್ರತಿ 8 ಚದರ ಮೀಟರಿಗೆ ಒಂದರಂತೆ 125 ದೀಪಗಳನ್ನು, ದಿನಕ್ಕೆ ನಾಲ್ಕು ಗಂಟೆಯಂತೆ 30 ರಾತ್ರಿ ಉರಿಸಿದಲ್ಲಿ ವಿದ್ಯುತ್ ಬಳಕೆ ಕೆಳಕಂಡಂತೆ ಇರುತ್ತದೆ.

60 ವ್ಯಾಟ್ ತಂತಿ ಬಲ್ಬು: ಒಟ್ಟು 7.5 ಕಿಲೋವ್ಯಾಟ್; ರಾತ್ರಿಗೆ 30 ಯೂನಿಟ್; 30 ರಾತ್ರಿಗೆ 900 ಯೂನಿಟ್.

9 ವ್ಯಾಟ್ ಎಲ್.ಇ.ಡಿ. ದೀಪ: ಒಟ್ಟು 1.125 ಕಿಲೋವ್ಯಾಟ್, ರಾತ್ರಿಗೆ 4.5 ಯೂನಿಟ್, 30 ರಾತ್ರಿಗೆ 135 ಯೂನಿಟ್.

ದೀಪಗಳ ಸಂಖ್ಯೆಯು ಪ್ರತಿಫಲಕ, ಎತ್ತರ ಹಾಗೂ ದೀಪದ ಗುಣಮಟ್ಟವನ್ನು ಅವಲಂಬಿಸಿ ಬದಲಾಗುವುದರಿಂದ ಮೇಲಿನದು ಅಂದಾಜು ತಿಳಿಯುವ ಸಲುವಾಗಿ ನೀಡಿದ ಮಾದರಿ ಮಾತ್ರ.

9. ವಿದ್ಯುತ್ ವ್ಯತ್ಯಯ ಹಾಗೂ ಸುರಕ್ಷತೆ

ಮೊದಲ ಹಂತದಲ್ಲಿ ವಿದ್ಯುತ್ ಕಡಿತವು ಬೆಳೆಗೆ ದೊಡ್ಡ ಅಪಾಯ. ಒಂದು ರಾತ್ರಿ ದೀಪ ತಪ್ಪಿದಲ್ಲಿ ಸಾಮಾನ್ಯವಾಗಿ ಹೆಚ್ಚಿನ ಹಾನಿ ಕಾಣಿಸದು. ಸತತವಾಗಿ ಹಲವು ರಾತ್ರಿ ತಪ್ಪಿದಲ್ಲಿ ಚಿಗುರು ತುದಿಯು ಮೊಗ್ಗಾಗಲು ಆರಂಭಿಸುತ್ತದೆ. ಹಾನಿಯು ಆಗಲೇ ಕಣ್ಣಿಗೆ ಬೀಳದೆ, ಕೆಲವು ವಾರಗಳ ನಂತರ ಗಿಡ್ಡ ಕಾಂಡದ ಮೇಲೆ ಮೊಗ್ಗು ಕಾಣಿಸಿಕೊಂಡಾಗ ತಿಳಿದುಬರುತ್ತದೆ. ಅಷ್ಟರಲ್ಲಿ ಸಸಿ, ಗೊಬ್ಬರ ಹಾಗೂ ಕೂಲಿಯ ವೆಚ್ಚ ಆಗಿಹೋಗಿರುತ್ತದೆ. ಆದುದರಿಂದ ಕೆಳಕಂಡ ಕ್ರಮಗಳನ್ನು ಅನುಸರಿಸುವುದು.

- ರಾತ್ರಿ 10ಕ್ಕೆ ವಿದ್ಯುತ್ ಇಲ್ಲದಿದ್ದು ಮಧ್ಯರಾತ್ರಿಯ ನಂತರ ಬಂದಲ್ಲಿ, 1 ಗಂಟೆಯೊಳಗೆ ದೀಪ ಹೊತ್ತಿಸಿದರೂ ರಾತ್ರಿಯನ್ನು ಮುರಿದಂತಾಗುತ್ತದೆ. ಅಂದಿನ ಅವಧಿಯನ್ನು ಮುಂಜಾವಿನ ಕಡೆಗೆ ವಿಸ್ತರಿಸಬೇಕು.
- ವಿದ್ಯುತ್ ಹೋಗಿ ಬಂದಾಗ ಸಮಯ ತಪ್ಪದಂತೆ ಬ್ಯಾಟರಿ ಇರುವ ಟೈಮರನ್ನೇ ಬಳಸಬೇಕು. ಟೈಮರ್ ಇದ್ದರೂ ವಾರಕ್ಕೆ ಎರಡು ಬಾರಿಯಾದರೂ ರಾತ್ರಿ ಸ್ಥಳಕ್ಕೆ ಹೋಗಿ ದೀಪಗಳನ್ನು ನೋಡಬೇಕು.
- ದೀಪ ತಪ್ಪಿದ ರಾತ್ರಿಗಳನ್ನು ಪುಸ್ತಕದಲ್ಲಿ ದಿನಾಂಕ ಸಹಿತ ಬರೆದಿಡಬೇಕು.
- ಎಲ್.ಇ.ಡಿ. ದೀಪಗಳಾದಲ್ಲಿ ಸಣ್ಣ ಜನರೇಟರ್ ಅಥವಾ ಬ್ಯಾಟರಿಯಿಂದಲೂ ನಡೆಸಬಹುದಾಗಿದೆ.
- ಹಸಿರುಮನೆಯ ಒಳಗೆ ಸದಾ ತೇವ ಇರುತ್ತದೆ. ಬಯಲು ತಾಕಿನಲ್ಲಿ ಮಳೆ ಬೀಳುತ್ತದೆ. ಬರಿ ತಂತಿ, ಬಟ್ಟೆ ಸುತ್ತಿದ ಜೋಡಣೆ, ಕಬ್ಬಿಣದ ಕಂಬಕ್ಕೆ ನೇರವಾಗಿ ಕಟ್ಟಿದ ತಂತಿ ಪ್ರಾಣಾಪಾಯಕ್ಕೆ ಕಾರಣವಾಗುತ್ತವೆ. ನೀರು ನಿರೋಧಕ ಹೋಲ್ಡರ್, ಭೂಸಂಪರ್ಕ ಹಾಗೂ ಸೋರಿಕೆ ವಿದ್ಯುತ್ತನ್ನು ಕಡಿತಗೊಳಿಸುವ ಸ್ವಿಚ್ಚನ್ನು ಪರವಾನಗಿ ಹೊಂದಿದ ಗುತ್ತಿಗೆದಾರರಿಂದ ಅಳವಡಿಸಬೇಕು. ದೀಪ ಉರಿಯುವಾಗ ಒದ್ದೆ ಕೈಯಿಂದ ಮುಟ್ಟಬಾರದು, ನೀರು ಸಿಂಪಡಿಸಬಾರದು.
- ಪಂಪ್‌ಸೆಟ್ಟಿಗೆ ಮಂಜೂರಾದ ಸಂಪರ್ಕದಿಂದ ಅನುಮತಿಯಿಲ್ಲದೆ ದೀಪಗಳಿಗೆ ವಿದ್ಯುತ್ ಪಡೆಯಬಾರದು. ಸಂಬಂಧಪಟ್ಟ ವಿದ್ಯುತ್ ಸರಬರಾಜು ಕಂಪನಿಯ ಉಪವಿಭಾಗದಲ್ಲಿ ಹೊರೆ ಹಾಗೂ ದರಪಟ್ಟಿಯ ಬಗ್ಗೆ ಮೊದಲೇ ವಿಚಾರಿಸತಕ್ಕದ್ದು.
- ಪಕ್ಕದ ಜಮೀನಿನಲ್ಲಿ ಹೂವಾಗುವ ಹಂತದ ಸೇವಂತಿಗೆ ಇದ್ದಲ್ಲಿ ಅತ್ತ ಬೆಳಕು ಚೆಲ್ಲದಂತೆ ಮರೆ ಕಟ್ಟಬೇಕು. ಒಬ್ಬರ ಎಲೆ ಬೆಳೆಸುವ ದೀಪವು ಮತ್ತೊಬ್ಬರ ಹೂವನ್ನು ತಡೆಯಬಲ್ಲದು.

10. ಇತರ ಹೂಬೆಳೆಗಳಲ್ಲಿ

ಗುಲಾಬಿ: ಹಗಲಿನ ಉದ್ದವನ್ನು ಅವಲಂಬಿಸಿ ಹೂ ಬಿಡುವ ಗಿಡವಲ್ಲ. ದೊಡ್ಡಬಳ್ಳಾಪುರ ಮುಂತಾದೆಡೆ ಹಸಿರುಮನೆಯಲ್ಲಿ ಬೆಳೆಯುವ ಗುಲಾಬಿಗೆ ರಾತ್ರಿ ದೀಪದ ಅವಶ್ಯಕತೆ ಇಲ್ಲ.

ಜರ್ಬೆರಾ: ಮೊಗ್ಗು ತಡೆಯಲು ದೀಪ ಬೇಕಿಲ್ಲ. ಎಲೆಗಳ ದಟ್ಟಣೆ ಹೆಚ್ಚಾದರೆ ಹಳೆಯ ಎಲೆಗಳನ್ನು ತೆಗೆಯುವುದೇ ಸೂಕ್ತ.

ಕಾರ್ನೇಷನ್: ಇದರಲ್ಲಿ ಪರಿಣಾಮವು ಸೇವಂತಿಗೆಗೆ ತದ್ವಿರುದ್ಧ. ದೀರ್ಘ ಹಗಲಿನಲ್ಲಿ ಬೇಗ ಹೂವಾಗುವುದರಿಂದ, ದೀಪ ಉರಿಸಿದಲ್ಲಿ ಕಾಂಡದ ಎಲೆಜೋಡಿಗಳ ಸಂಖ್ಯೆ ಕಡಿಮೆಯಾಗುತ್ತದೆ.

ಜಿಪ್ಸೋಫಿಲಾ: ದೀರ್ಘ ದಿನ ಸಸ್ಯ. ಹ್ರಸ್ವ ದಿನಗಳಲ್ಲಿ ಎಲೆಗಳ ಗುಚ್ಛವಾಗಿಯೇ ಉಳಿಯುತ್ತದೆ. ಇದಕ್ಕೆ ದೀಪ ಹಾಕುವುದು ಹೂವಾಗಲಿ ಎಂದು.

ಆಂಥೂರಿಯಂ: ನೆರಳಿನ ಗಿಡ. ಹೆಚ್ಚು ಬೆಳಕಿನಿಂದ ಎಲೆ ಸುಟ್ಟಂತಾಗುತ್ತದೆ.

ಒಂದೇ ಹಸಿರುಮನೆಯಲ್ಲಿ ಎರಡು ಬೆಳೆಗಳನ್ನು ಬೆಳೆಯಲು ಉದ್ದೇಶಿಸಿರುವವರು ಇದನ್ನು ಗಮನಿಸಿ ನಡುವೆ ಕಪ್ಪು ಪರದೆಯನ್ನು ಯೋಜಿಸತಕ್ಕದ್ದು.

11. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆ ಮುಂತಾದ ಬಡಾವಣೆಗಳ ಕೈತೋಟಗಾರರಿಗೆ

ಹಳೆಯ ಬಡಾವಣೆಗಳ ಮನೆಗಳಲ್ಲಿ ಕಾಂಪೌಂಡಿನ ಒಳಗೆ, ಜಗುಲಿಯ ಮೇಲೆ ಅಥವಾ ತಾರಸಿಯಲ್ಲಿ ಸೇವಂತಿಗೆ ಕುಂಡಗಳನ್ನು ಇಡುವುದು ವಾಡಿಕೆ. ಗಿಡವು ಹಸಿರಾಗಿ ಸೊಂಪಾಗಿ ಬೆಳೆದರೂ ಹೂವಾಗದಿರುವುದುಂಟು. ಗೊಬ್ಬರವನ್ನು ಬದಲಿಸುವ ಮೊದಲು ರಾತ್ರಿ ಗಿಡದ ಬಳಿ ನಿಂತು ಬೆಳಕು ಎಲ್ಲಿಂದ ಬೀಳುತ್ತಿದೆ ಎಂಬುದನ್ನು ಪರಿಶೀಲಿಸಬೇಕು. ಬೀದಿದೀಪ, ಗೇಟಿನ ದೀಪ, ಅಂಗಡಿಯ ಫಲಕ ಅಥವಾ ಪಕ್ಕದ ಕಟ್ಟಡದ ವಾಹನ ನಿಲುಗಡೆಯ ದೀಪವು ರಾತ್ರಿಯಿಡೀ ಗಿಡದ ಮೇಲೆ ಬೀಳುತ್ತಿದ್ದಲ್ಲಿ, ಹಸಿರುಮನೆಯಲ್ಲಿ ಬೆಳೆಗಾರನು ಹಣ ಕೊಟ್ಟು ಮಾಡುವ ಕೆಲಸವೇ ಇಲ್ಲಿ ತಾನಾಗಿ ನಡೆಯುತ್ತಿರುತ್ತದೆ. ಗಿಡದ ಬಳಿ ದಿನಪತ್ರಿಕೆಯ ಅಕ್ಷರಗಳನ್ನು ಓದಲು ಸಾಧ್ಯವಾಗುವಷ್ಟು ಬೆಳಕಿದ್ದರೆ ಅದು ಹೂವಿಗೆ ಅಡ್ಡಿಯಾಗಬಹುದು ಎಂದು ಸ್ಥೂಲವಾಗಿ ಭಾವಿಸಬಹುದು. ಪಾಯಿನ್‌ಸೆಟ್ಟಿಯಾ ಹಾಗೂ ಕಲಾಂಚೋ ಗಿಡಗಳಿಗೂ ಇದು ಅನ್ವಯಿಸುತ್ತದೆ.

ಪರಿಹಾರ: ಕುಂಡವನ್ನು ಕತ್ತಲಿರುವ ಮೂಲೆಗೆ ಸ್ಥಳಾಂತರಿಸುವುದು, ಸಾಧ್ಯವಾಗದಿದ್ದಲ್ಲಿ ಸಂಜೆ 6ರಿಂದ ಬೆಳಿಗ್ಗೆ 7ರವರೆಗೆ ರಟ್ಟಿನ ಪೆಟ್ಟಿಗೆಯನ್ನು ಮುಚ್ಚುವುದು. ಮೊಗ್ಗಿನಲ್ಲಿ ಬಣ್ಣ ಕಾಣಿಸುವವರೆಗೆ ಪ್ರತಿದಿನವೂ ತಪ್ಪದೆ ಮುಚ್ಚಬೇಕು. ಬೀದಿದೀಪವು ಸಾರ್ವಜನಿಕರ ಸುರಕ್ಷತೆಗಾಗಿ ಇರುವುದರಿಂದ ಅದನ್ನು ಆರಿಸುವುದಾಗಲೀ ಹಾಳುಗೆಡಹುವುದಾಗಲೀ ಮಾಡಬಾರದು.

ಎತ್ತರದ ಕಟ್ಟಡಗಳ ನಡುವೆ ಸಿಲುಕಿದ ಬಾಲ್ಕನಿಗಳ ಪರಿಸ್ಥಿತಿ ಬೇರೆಯಾಗಿದೆ. ಅಲ್ಲಿ ಹಗಲಿನ ಬೆಳಕೇ ಸಾಲದೆ ಗೆಣ್ಣುಗಳು ನೀಳವಾಗಿ, ಎಲೆಗಳು ತೆಳುವಾಗಿ ಮಂಕಾಗುತ್ತವೆ. ಇಲ್ಲಿ ಮಾತ್ರ ಆಹಾರ ತಯಾರಿಕೆಗೆ ನೆರವಾಗುವ ದೀಪವು ಉಪಯುಕ್ತ. ದೀಪವನ್ನು ಗಿಡದ ಸಮೀಪದಲ್ಲಿಟ್ಟು ಹಗಲಿನ ವೇಳೆಯಲ್ಲಿಯೇ ಉರಿಸಬೇಕು. ಸೇವಂತಿಗೆಯಾದಲ್ಲಿ ಎಲೆಗಳು ಸಾಕಷ್ಟು ಬಂದ ನಂತರ ದಿನಕ್ಕೆ ಹನ್ನೊಂದು ಗಂಟೆಗಿಂತ ಹೆಚ್ಚು ಉರಿಸಬಾರದು.

12. ಹಸಿರುಮನೆಗೆ ಸಹಾಯಧನ ಕೋರಿ ಅರ್ಜಿ ಸಲ್ಲಿಸುವವರ ಗಮನಕ್ಕೆ

ರಾಷ್ಟ್ರೀಯ ತೋಟಗಾರಿಕೆ ಮಿಷನ್ 2005-06ರಲ್ಲಿ ಆರಂಭವಾಗಿ, 2014-15ರಿಂದ ಸಮಗ್ರ ತೋಟಗಾರಿಕೆ ಅಭಿವೃದ್ಧಿ ಮಿಷನ್ನಿನ ಭಾಗವಾಗಿದೆ. ಸಂರಕ್ಷಿತ ಬೇಸಾಯದ ಅಡಿಯಲ್ಲಿ ಹಸಿರುಮನೆಗೆ ನಿಗದಿತ ಘಟಕ ವೆಚ್ಚದ ಶೇ. 50ರಂತೆ ಸಹಾಯಧನಕ್ಕೆ ಅವಕಾಶವಿದೆ. ಘಟಕ ವೆಚ್ಚ, ವಿಸ್ತೀರ್ಣದ ಮಿತಿ ಹಾಗೂ ಲಭ್ಯ ಅನುದಾನವು ಆಯಾ ಸಾಲಿನ ಮಾರ್ಗಸೂಚಿಗೆ ಒಳಪಟ್ಟಿರುತ್ತದೆ. ಜಮೀನು ಇರುವ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಚೇರಿಯಲ್ಲಿ ಅರ್ಜಿ ಸಲ್ಲಿಸಬೇಕು. ಅರ್ಜಿದಾರರು ನಗರದಲ್ಲಿ ವಾಸವಿದ್ದರೂ ಜಮೀನಿನ ತಾಲ್ಲೂಕೇ ಗಣನೆಗೆ ಬರುತ್ತದೆ.

ಸಾಮಾನ್ಯವಾಗಿ ಬೇಕಾಗುವ ದಾಖಲೆಗಳು: ಪಹಣಿ, ಆಧಾರ್ ಪ್ರತಿ, ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ, ಫ್ರೂಟ್ಸ್ ತಂತ್ರಾಂಶದ ನೋಂದಣಿ ಸಂಖ್ಯೆ, ನೀರಿನ ಮೂಲದ ವಿವರ, ದರಪಟ್ಟಿ ಹಾಗೂ ಅನ್ವಯಿಸುವಲ್ಲಿ ಜಾತಿ ಪ್ರಮಾಣಪತ್ರ.

ಕಾರ್ಯಾದೇಶ ಪಡೆಯುವ ಮೊದಲು ಕಾಮಗಾರಿ ಆರಂಭಿಸಬಾರದು. ದರಪಟ್ಟಿಯಲ್ಲಿ ದೀಪಗಳ ವೆಚ್ಚವನ್ನು ಪ್ರತ್ಯೇಕವಾಗಿ ನಮೂದಿಸುವಂತೆ ಕೇಳಿ, ಅದು ಸಹಾಯಧನಕ್ಕೆ ಒಳಪಡುವುದೇ ಎಂಬುದನ್ನು ಕಚೇರಿಯಲ್ಲಿ ದೃಢಪಡಿಸಿಕೊಳ್ಳಬೇಕು. ಸಹಾಯಧನ ದೊರೆಯುವುದೆಂಬ ಮಾರಾಟಗಾರರ ಬಾಯಿಮಾತನ್ನು ನಂಬಿ ಸಾಲ ಮಾಡಿ ದೀಪ ಖರೀದಿಸಬಾರದು.

13. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ರಾತ್ರಿಯಿಡೀ ದೀಪ ಉರಿಸಿದರೆ ಎಲೆಗಳು ಇನ್ನಷ್ಟು ಬೇಗ ಬೆಳೆಯುತ್ತವೆಯೇ?
ಉತ್ತರ: ಇಲ್ಲ. ಮೊಗ್ಗನ್ನು ತಡೆಯಲು ನಾಲ್ಕು ಗಂಟೆ ಸಾಕು. ಉಳಿದ ವಿದ್ಯುತ್ ವ್ಯರ್ಥವಾಗುತ್ತದೆ.

ಪ್ರಶ್ನೆ: ಮೊಗ್ಗು ಬಂದಿರುವ ಗಿಡ್ಡ ಗಿಡಕ್ಕೆ ಈಗ ದೀಪ ಹಾಕಿದರೆ ಸರಿಹೋಗುವುದೇ?
ಉತ್ತರ: ಮೊಗ್ಗಾದ ತುದಿಯಿಂದ ಹೊಸ ಎಲೆ ಬರುವುದಿಲ್ಲ. ಗಿಡ ಎಳೆಯದಾಗಿದ್ದಲ್ಲಿ ತುದಿಯನ್ನು ಚಿವುಟಿ, ಪಕ್ಕದ ಕವಲುಗಳನ್ನು ದೀಪದ ಅಡಿಯಲ್ಲಿ ಬೆಳೆಸಬಹುದು. ಕೊಯ್ಲು ಅಷ್ಟರಮಟ್ಟಿಗೆ ತಡವಾಗುತ್ತದೆ.

ಪ್ರಶ್ನೆ: ಹುಣ್ಣಿಮೆಯ ಬೆಳಕಿನಿಂದ ತೊಂದರೆಯಿದೆಯೇ?
ಉತ್ತರ: ಹುಣ್ಣಿಮೆಯ ಬೆಳಕು ಅರ್ಧ ಲಕ್ಸ್‌ಗಿಂತಲೂ ಕಡಿಮೆ. ಬೆಳೆಗಾರರು ಇದಕ್ಕಾಗಿ ಕ್ರಮ ಕೈಗೊಳ್ಳಬೇಕಾಗಿಲ್ಲ.

ಪ್ರಶ್ನೆ: ಎರಡನೆಯ ಹಂತದಲ್ಲಿ ರಾತ್ರಿ ಟಾರ್ಚ್ ಹಿಡಿದು ತಾಕಿನಲ್ಲಿ ಓಡಾಡಬಹುದೇ?
ಉತ್ತರ: ಕ್ಷಣಕಾಲದ ಬೆಳಕಿನಿಂದ ಹಾನಿಯಿಲ್ಲ. ಕೆಲಸಕ್ಕಾ‌ಗಿ ದೊಡ್ಡ ದೀಪವನ್ನು ಗಂಟೆಗಟ್ಟಲೆ ಉರಿಸಬಾರದು.

14. ಹೆಚ್ಚಿನ ಮಾಹಿತಿಗಾಗಿ

ಬೆಳೆಯ ತಾಂತ್ರಿಕ ಮಾಹಿತಿಯನ್ನು ಲಾಲ್‌ಬಾಗ್‌ನಲ್ಲಿರುವ ತೋಟಗಾರಿಕೆ ಇಲಾಖೆಯಿಂದ, ಜಮೀನಿರುವ ತಾಲ್ಲೂಕಿನ ತೋಟಗಾರಿಕೆ ಕಚೇರಿಯಿಂದ ಹಾಗೂ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯಿಂದ ಪಡೆಯಬಹುದಾಗಿದೆ. ಕಚೇರಿಗೆ ಬರುವಾಗ ತಳಿಯ ಹೆಸರು, ನಾಟಿಯ ದಿನಾಂಕ, ದೀಪ ಉರಿಸಿದ ಹಾಗೂ ತಪ್ಪಿದ ರಾತ್ರಿಗಳ ವಿವರ ಮತ್ತು ಎಲೆ ಸಹಿತವಾದ ಒಂದು ಪೂರ್ಣ ಕಾಂಡವನ್ನು ತಂದಲ್ಲಿ ಸೂಕ್ತ ಸಲಹೆ ನೀಡಲು ಅನುಕೂಲವಾಗುತ್ತದೆ.